ಲಾರ್ಸೆನ್ ಅಂಡ್ ಟೂಬ್ರೊ: ಇತಿಹಾಸ

ಲಾರ್ಸೆನ್ ಅಂಡ್ ಟೂಬ್ರೊ (ಎಲ್ ಅಂಡ್ ಟಿ) ಭಾರತದ ಅತಿ ದೊಡ್ಡ ನಿರ್ಮಾಣ ಸಂಸ್ಥೆಗಳಲ್ಲೊಂದು. ಕೇಂದ್ರ ಕಚೇರಿ ಮುಂಬೈ. ಸ್ಥಾಪಕರು ಡೆನ್ಮಾರ್ಕಿನ ಎಂಜಿನಿಯರುಗಳಾದ ಹೆನಿಂಗ್ ಹೋಲ್ಕ್-ಲಾರ್ಸೆನ್ ಮತ್ತು ಸೋರೆನ್ ಕ್ರಿಸ್ಟಿಯನ್ ಟೂಬ್ರೊ. ಸ್ಥಾಪನೆಯ ವರ್ಷ ಕೆಲವು ಕಡೆ 1938 ಎಂದೂ ಕೆಲವು ಕಡೆ 1946 ಎಂದೂ ಕಾಣುತ್ತದೆ. ಪಾಲುದಾರಿಕೆ ಶುರುವಾದದ್ದು 1938ರಲ್ಲಿ, ಕಂಪನಿಯಾಗಿ ನೋಂದಣಿಯಾದದ್ದು 1946ರಲ್ಲಿ. ನಿರ್ಮಾಣ ಕೆಲಸದ ಮಟ್ಟಿಗೆ ಇವೆರಡಕ್ಕಿಂತ ಮುಖ್ಯವಾದ ವರ್ಷ 1944. ಇಂದಿಗೂ ಹಳಬರು ‘ಇಸಿಸಿ’ ಎಂದೇ ಕರೆಯುವ, ಸಂಸ್ಥೆಯ ನಿರ್ಮಾಣ ಅಂಗವಾದ ಎಂಜಿನಿಯರಿಂಗ್ ಕನ್‌ಸ್ಟ್ರಕ್ಷನ್ ಕಾರ್ಪೊರೇಷನ್ ಹುಟ್ಟಿದ್ದು ಆಗ.

ಸಿಮೆಂಟ್ ಯಂತ್ರಗಳ ಡ್ಯಾನಿಷ್ ಕಂಪನಿ ಎಫ್.ಎಲ್. ಸ್ಮಿತ್‌ನ ಕೆಲಸದ ಮೇಲೆ ಇಬ್ಬರೂ ಭಾರತಕ್ಕೆ ಬಂದವರು. ಮುಂಬೈನ ಬಲ್ಲಾರ್ಡ್ ಎಸ್ಟೇಟಿನ ಅವರ ಮೊದಲ ಕಚೇರಿಯಲ್ಲಿ ಒಂದು ಹೊತ್ತಿಗೆ ಒಬ್ಬರಿಗಷ್ಟೇ ಜಾಗವಿತ್ತಂತೆ. ಡೈರಿ ಯಂತ್ರಗಳನ್ನು ತರಿಸಿ ಮಾರುವುದು ಆರಂಭದ ವ್ಯಾಪಾರ. ಮಹಾಯುದ್ಧದಿಂದ ಆಮದು ನಿಂತಾಗ ಸಣ್ಣ ವರ್ಕ್‌ಶಾಪ್ ತೆರೆದು ಹಡಗು ದುರಸ್ತಿಗೆ ಇಳಿದರು. ಟಾಟಾ ಸೋಡಾ ಆ್ಯಶ್ ಕಾರ್ಖಾನೆ ಕಟ್ಟಬೇಕಿದ್ದ ಜರ್ಮನ್ ಎಂಜಿನಿಯರುಗಳು 1940ರಲ್ಲಿ ಬಂಧನಕ್ಕೊಳಗಾದಾಗ ಆ ಕೆಲಸ ಇವರಿಗೆ ಬಂತು. ಮಾರಾಟದ ಏಜೆಂಟರು ಕಟ್ಟುವವರಾದದ್ದು ಹೀಗೆ. 1950ರಲ್ಲಿ ಸಂಸ್ಥೆ ಪಬ್ಲಿಕ್ ಕಂಪನಿಯಾಯಿತು. ದೆಹಲಿಯ ಕಮಲ ಮಂದಿರ (1986), ಬೆಂಗಳೂರು ವಿಮಾನ ನಿಲ್ದಾಣದ ಮೊದಲ ಟರ್ಮಿನಲ್ (2008), 182 ಮೀಟರ್ ಎತ್ತರದ ಏಕತಾ ಪ್ರತಿಮೆ (2018) ಇದರ ಪ್ರಸಿದ್ಧ ಕೆಲಸಗಳು.

ಸಂಸ್ಥೆ ಯಾರದು ಎಂಬ ಪ್ರಶ್ನೆಗೆ ಸರಳ ಉತ್ತರವಿಲ್ಲ. ಸ್ಥಾಪಕರ ಮನೆತನದ ಹಿಡಿತವಿಲ್ಲದ, ಸರ್ಕಾರಿ ಹಣಕಾಸು ಸಂಸ್ಥೆಗಳ ಷೇರೇ ಹೆಚ್ಚಿದ್ದ ಈ ಕಂಪನಿಯಲ್ಲಿ 1980ರ ದಶಕದ ಕೊನೆಗೆ ರಿಲಯನ್ಸ್ ಷೇರು ಕೂಡಿಸಿತು; 1989ರಲ್ಲಿ ಧೀರೂಭಾಯಿ ಅಂಬಾನಿ ಅಧ್ಯಕ್ಷರಾದರು. ಸರ್ಕಾರಿ ಸಂಸ್ಥೆಗಳ ಷೇರು ಅವರ ಕೈಸೇರಿದ ಬಗೆ ನ್ಯಾಯಾಲಯದ ಮೆಟ್ಟಿಲೇರಿತು. ದೆಹಲಿಯಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ, 1990ರಲ್ಲಿ, ಅಂಬಾನಿ ಹುದ್ದೆ ಬಿಟ್ಟರು. ಕತೆ ಅಲ್ಲಿಗೆ ಮುಗಿಯಿತೆಂದು ಹಲವು ಬರಹಗಳು ಸೂಚಿಸುತ್ತವೆ, ಅದು ಸರಿಯಲ್ಲ. ರಿಲಯನ್ಸ್ ಬಳಿ ಉಳಿದಿದ್ದ ಸುಮಾರು ಶೇ 10ರಷ್ಟು ಪಾಲು 2001ರ ನವೆಂಬರಿನಲ್ಲಿ ಬಿರ್ಲಾ ಸಮೂಹದ ಗ್ರಾಸಿಮ್‌ಗೆ ಹೋಯಿತು. ಷೇರಿಗೆ ಕೊಟ್ಟದ್ದು 306.60 ರೂಪಾಯಿ, ಪೇಟೆಯ ದರಕ್ಕಿಂತ ಬಹಳ ಹೆಚ್ಚು. ಸಣ್ಣ ಷೇರುದಾರರಿಗೆ ಆ ಬೆಲೆ ಸಿಗಲಿಲ್ಲ. ಮರುವರ್ಷ ಗ್ರಾಸಿಮ್ ಅವರ ಮುಂದಿಟ್ಟದ್ದು 190 ರೂಪಾಯಿ. ಆಗಿನ ಅಸಮಾಧಾನ ನ್ಯಾಯವಾದದ್ದೇ.

ಗ್ರಾಸಿಮ್‌ಗೆ ಬೇಕಿದ್ದದ್ದು ಎಲ್ ಅಂಡ್ ಟಿಯ ಸಿಮೆಂಟ್ ವ್ಯವಹಾರ. ಎ.ಎಂ. ನಾಯಕ್ ಮುಂದಾಳತ್ವದ ಎಲ್ ಅಂಡ್ ಟಿ ಆಡಳಿತ 2003ರಲ್ಲಿ ರಾಜಿಗೆ ಒಪ್ಪಿ ಸಿಮೆಂಟ್ ವಿಭಾಗವನ್ನು ಬೇರ್ಪಡಿಸಿತು. ಅದೇ ಇಂದಿನ ಅಲ್ಟ್ರಾಟೆಕ್. ಬದಲಿಗೆ ಗ್ರಾಸಿಮ್ ಬಳಿಯಿದ್ದ ಎಲ್ ಅಂಡ್ ಟಿ ಷೇರುಗಳನ್ನು ನೌಕರರ ಟ್ರಸ್ಟ್ ಕೊಂಡಿತು. ‘ಎಲ್ ಅಂಡ್ ಟಿ ಸಿಮೆಂಟ್’ ಮೂಟೆಯಿಂದಲೇ ಕಂಪನಿಯನ್ನು ಗುರುತಿಸುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ಸಂಸ್ಥೆಯ ಚರಿತ್ರೆಯಲ್ಲಿ 1938ರಷ್ಟೇ ತೂಕದ ತಿರುವು ಇದು.

ಮುಂದೆ ಪಾತ್ರ ಅದಲುಬದಲಾಯಿತು. 2019ರಲ್ಲಿ ಬೆಂಗಳೂರಿನ ಐಟಿ ಕಂಪನಿ ಮೈಂಡ್‌ಟ್ರೀಯಲ್ಲಿ ಕಾಫಿ ಡೇ ಖ್ಯಾತಿಯ ವಿ.ಜಿ. ಸಿದ್ಧಾರ್ಥ ಅವರಿಗಿದ್ದ ಷೇರು ಕೊಂಡ ಎಲ್ ಅಂಡ್ ಟಿ, ಅದರ ಸ್ಥಾಪಕರ ಬಹಿರಂಗ ವಿರೋಧದ ನಡುವೆಯೇ ಆ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು. 2022ರಲ್ಲಿ ಅದು ಎಲ್ ಅಂಡ್ ಟಿಯದೇ ಐಟಿ ಕಂಪನಿ ಎಲ್‌ಟಿಐ ಜೊತೆ ವಿಲೀನವಾಯಿತು. ಎಲ್ ಅಂಡ್ ಟಿಯ ಷೇರುಪಟ್ಟಿಯಲ್ಲಿ ಮಾತ್ರ ಪ್ರವರ್ತಕರ ಪಾಲು ಇಂದಿಗೂ ಸೊನ್ನೆ.