ಕಲ್ಲಿದ್ದಲು ಹೋದ ಮೇಲೆ ಬಂದ ಪ್ರವಾಸಿಗರು

ಜರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕಿನಲ್ಲಿ, ಹಡ್ಸನ್ ದಂಡೆಯ ಮೇಲೆ, 1889ರಲ್ಲಿ ಕಟ್ಟಿದ ರೈಲು ನಿಲ್ದಾಣವೊಂದಿದೆ. 1967ರ ಏಪ್ರಿಲ್‌ನಲ್ಲಿ ಅಲ್ಲಿಂದ ಕೊನೆಯ ರೈಲು ಹೊರಟಿತು. ಸಕಲೇಶಪುರದಿಂದ ಬಂದಿದ್ದ ನಮ್ಮತ್ತೆಯನ್ನು ಕರೆದುಕೊಂಡು ಹೋದರೆ, ಗಿಡ ಬೆಳೆದ ಪ್ಲಾಟ್‌ಫಾರಂ ನೋಡಿ, “ಇಷ್ಟು ದೊಡ್ಡ ಸ್ಟೇಷನ್ನು, ಒಂದು ಹಳಿನೂ ಇಲ್ವಲ್ಲೇ!” ಅಂದರು. ನನಗೋ, ಆ ಹಳಿಗಳು ಹೋಗುತ್ತಿದ್ದ ಊರಿನ ಕಥೆ ಹೇಳುವ ಚಪಲ.

ನಿಲ್ದಾಣ ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜರ್ಸಿಯದು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಇಲ್ಲಿನ ಧಕ್ಕೆಗೆ ಬರುತ್ತಿತ್ತು. ಅದೇ ದಾರಿಯಲ್ಲಿ ಎದುರು ದಿಕ್ಕಿಗೆ, ನ್ಯೂಯಾರ್ಕಿನವರು ಫೆರಿಯಲ್ಲಿ ನದಿ ದಾಟಿ ಬಂದು, ರೈಲು ಹತ್ತಿ, ಮಾಕ್ ಚಂಕ್ ಎಂಬ ಬೆಟ್ಟದೂರಿಗೆ ವಿಹಾರಕ್ಕೆ ಹೋಗುತ್ತಿದ್ದರು.

ಅಲ್ಲಿನ ಆಕರ್ಷಣೆಯೂ ಹುಟ್ಟಿದ್ದು ಕಲ್ಲಿದ್ದಲಿಗಾಗಿಯೇ. 1827ರಲ್ಲಿ ಜೋಸೈಯಾ ವೈಟ್ ಮತ್ತು ಅವನ ಕಂಪನಿ ಸಮ್ಮಿಟ್ ಹಿಲ್‌ನ ಗಣಿಯಿಂದ ಲೀಹೈ ನದಿಯವರೆಗೆ ಸುಮಾರು 14 ಕಿ.ಮೀ. ಹಳಿ ಹಾಕಿದರು. ಇಂಜಿನ್ ಇಲ್ಲ, ತುಂಬಿದ ಬಂಡಿಗಳು ಇಳಿಜಾರಿನಲ್ಲಿ ತಾವೇ ಉರುಳಿ ಬರುತ್ತಿದ್ದವು, ಬ್ರೇಕಿನವನೊಬ್ಬ ಹಿಡಿತದಲ್ಲಿಡಬೇಕಿತ್ತು. ಖಾಲಿ ಬಂಡಿಗಳನ್ನು ಮೇಲಕ್ಕೆಳೆಯುವುದು ಹೇಸರಗತ್ತೆಗಳ ಕೆಲಸ. ಅವೂ ಬಂಡಿ ಹತ್ತಿಯೇ ಇಳಿಯುತ್ತಿದ್ದವು. ಒಮ್ಮೆ ಆ ಸುಖ ಕಂಡ ಮೇಲೆ ನಡೆದು ಇಳಿಯಲು ಒಪ್ಪುತ್ತಲೇ ಇರಲಿಲ್ಲವಂತೆ. ನನ್ನ ಲೆಕ್ಕದಲ್ಲಿ ಆ ದಾರಿಯ ಮೊದಲ ಪ್ರವಾಸಿಗರು ಅವೇ. 1840ರ ದಶಕದಲ್ಲಿ ಪಿಸ್ಗಾ ಬೆಟ್ಟದ ನೆತ್ತಿಗೆ ಹಬೆಯಂತ್ರ ಬಂದು ಅವುಗಳಿಗೆ ಬಿಡುಗಡೆಯಾಯಿತು.

1872ರಲ್ಲಿ ಗುಡ್ಡ ಕೊರೆದು ಸುರಂಗ ಮಾಡಿದರು. ಕಲ್ಲಿದ್ದಲು ಆ ಕಡೆ ಹೋಯಿತು, ಹಳೆಯ ದಾರಿ ಕೈಖಾಲಿ. ಆಮೇಲೆ ಅದರ ಮೇಲೆ ಜನರನ್ನಷ್ಟೇ ಕೂರಿಸಿ ಜಾರಿಸುತ್ತಿದ್ದರು. ಕೋನಿ ಐಲೆಂಡಿನ ರೋಲರ್ ಕೋಸ್ಟರಿಗೆ ಇದೇ ಹಿರಿಯಕ್ಕ. 1930ರ ದಶಕದ ಆರ್ಥಿಕ ಕುಸಿತ ಅದನ್ನು ನಿಲ್ಲಿಸಿತು. 1937ರಲ್ಲಿ ಹಳಿಗಳು ಗುಜರಿಗೆ ಹೋದವು.

ಮಾಕ್ ಚಂಕ್ ಊರಿನ ಹೆಸರು ಈಗ ಜಿಮ್ ಥಾರ್ಪ್. ಜರ್ಸಿ ಸಿಟಿಯಿಂದ ಕಾರಿನಲ್ಲಿ ಎರಡು ಗಂಟೆ. 2006ರಿಂದ ಅಲ್ಲಿ ಲೀಹೈ ಗಾರ್ಜ್ ಸೀನಿಕ್ ರೈಲ್ವೆ ನದಿ ಕಣಿವೆಯಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿದೆ. ಟಿಕೆಟ್ ಸಿಗುವುದು ನಮ್ಮೂರಿನ ನಿಲ್ದಾಣ ಕಟ್ಟಿದ ಅದೇ ಕಂಪನಿಯ ಹಳೆಯ ಸ್ಟೇಷನ್ನಿನಲ್ಲಿ.

ನೋಟಕ್ಕೆಂದೇ ಬೆಟ್ಟ ಕಡಿದು ಹಳಿ ಹಾಕುವಷ್ಟು ದುಡ್ಡು ಸಾಮಾನ್ಯವಾಗಿ ಯಾರ ಹತ್ತಿರವೂ ಇರುವುದಿಲ್ಲ. ಸರಕು ದಾರಿ ಮಾಡುತ್ತದೆ, ಸೊಬಗು ಅದರ ಬೆನ್ನೇರಿ ಬರುತ್ತದೆ. ಅತ್ತೆಗೆ ಇದನ್ನು ವಿವರಿಸಬೇಕಾಗಿರಲಿಲ್ಲ; ಅವರ ಊರಿನದೂ ಇಂಥದೇ ಕಥೆ. 1979ರಲ್ಲಿ ಮುಗಿದ ಹಾಸನ–ಮಂಗಳೂರು ಮೀಟರ್‌ಗೇಜ್ ದಾರಿ ಬಂದರನ್ನು ನಂಬಿದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯಲ್ಲಿ 57 ಸುರಂಗ, ನೂರಕ್ಕೂ ಮೀರಿ ಸೇತುವೆ. 1996ರಲ್ಲಿ ಬ್ರಾಡ್‌ಗೇಜ್ ಮಾಡಲು ರೈಲು ನಿಲ್ಲಿಸಿದರು. ಹಳಿ ಸುಮ್ಮನೆ ಬಿದ್ದಿದ್ದ ಆ ವರ್ಷಗಳಲ್ಲೇ ಬೆಂಗಳೂರಿನ ಹುಡುಗರು ಬ್ಯಾಗು ಹೊತ್ತು, ಟಾರ್ಚ್ ಹಿಡಿದು ಸುರಂಗಗಳೊಳಗೆ ನಡೆಯತೊಡಗಿದ್ದು. “ಕಾಲು ನೋವಿಗೆ ಎಣ್ಣೆ ಇದೆಯಾ ಅಂತ ಬಾಗಿಲಿಗೆ ಬರೋರು” ಅಂದರು ಅತ್ತೆ.

2006ರಲ್ಲಿ ಮೊದಲು ಗೂಡ್ಸ್ ಬಂತು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗೆ 2021ರವರೆಗೆ ಕಾಯಬೇಕಾಯಿತು. ಆ ಘಾಟಿಯಲ್ಲಿ ಮಾತ್ರ ಸರಕು ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ.