ಗುರುದೀಕ್ಷೆಗೆ ಅರ್ಹರು ಯಾರು?

ಧರ್ಮವನ್ನು ಬೋಧಿಸುವವನಿಗೆ ಯೋಗ್ಯತೆ ಒದಗುವುದು ಜನ್ಮದಿಂದಲೋ, ಶಿಕ್ಷಣ ಮತ್ತು ಶೀಲಗಳಿಂದಲೋ? ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಕ್ಯಾಥೊಲಿಕರನ್ನು ಕಾಡಿದ ಈ ಪ್ರಶ್ನೆಯ ಒಂದು ಅಧ್ಯಾಯ ಕನ್ನಡನಾಡಿಗೂ ಸೇರಿದೆ.

ಪಾದ್ರಿಗಳಾಗುವವರ ಶಿಕ್ಷಣಕ್ಕೆ ಪ್ರತಿಯೊಂದು ಧರ್ಮಪ್ರಾಂತದಲ್ಲಿಯೂ ಸೆಮಿನರಿ ಇರಬೇಕೆಂದು ಟ್ರೆಂಟ್ ಧರ್ಮಸಭೆಯು 1563ರಲ್ಲಿ ವಿಧಿಸಿತು. ಆದರೆ ದೂರದೇಶಗಳಿಗೆ ಪಾದ್ರಿಗಳನ್ನು ಸಿದ್ಧಪಡಿಸುವ ಅಧಿಕಾರ ಯಾರದೆಂಬ ವಿವಾದ ಉಳಿಯಿತು. ಪೂರ್ವದೇಶಗಳ ಚರ್ಚುಗಳ ಮೇಲೆ ಪೋರ್ಚುಗಲ್ಲಿನ ದೊರೆಗೆ ಪೋಪರಿಂದಲೇ ದೊರೆತ ‘ಪಾದ್ರುವಾದೊ’ ಹಕ್ಕಿತ್ತು. 1622ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ‘ಪ್ರೊಪಗಾಂದ ಫೀದೆ’ ಎಂಬ ಧರ್ಮಪ್ರಚಾರ ಮಂಡಲಿಯಾದರೋ ಆಯಾ ದೇಶದವರನ್ನೇ ಪಾದ್ರಿಗಳಾಗಿ ಸಿದ್ಧಪಡಿಸಬೇಕೆಂದಿತು. ಅದಕ್ಕಾಗಿ 1627ರಲ್ಲಿ ರೋಮಿನಲ್ಲಿ ಅರ್ಬನ್ ವಿದ್ಯಾಲಯವೂ ಆರಂಭವಾಯಿತು.

ಗೋವೆಯ ದಿವಾರ್ ದ್ವೀಪದಲ್ಲಿ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಮತ್ತೇಯುಸ್ ದೆ ಕಾಸ್ತ್ರೊ ಎಂಬ ತರುಣನಿಗೆ ಗೋವೆಯ ಆರ್ಚ್‌ಬಿಷಪ್ ಗುರುದೀಕ್ಷೆಯನ್ನು ನಿರಾಕರಿಸಿದನು. ಛಲ ಬಿಡದ ಆತನು ರೋಮಿಗೆ ಹೋಗಿ, ಅಲ್ಲಿಯೇ ಓದಿ, 1630ರಲ್ಲಿ ದೀಕ್ಷೆ ಪಡೆದನು. 1637ರಲ್ಲಿ ಬಿಷಪ್ ಪದವಿಗೇರಿ, ಬಿಜಾಪುರದ ಆದಿಲಶಾಹಿ ರಾಜ್ಯದ ಕ್ರೈಸ್ತರ ಮೇಲ್ವಿಚಾರಣೆಗೆ ನಿಯುಕ್ತನಾದನು. ಗೋವೆಯ ಅಧಿಕಾರಿಗಳು ಆತನ ಪದವಿಯನ್ನು ಮನ್ನಿಸಲಿಲ್ಲ. ಆತನು ಪೋರ್ಚುಗೀಸರ ಕೈಗೆ ನಿಲುಕದ, ಆಗ ಆದಿಲಶಾಹಿಗೆ ಸೇರಿದ್ದ ಬಿಚೋಲಿಮಿನಲ್ಲಿ ನೆಲೆಸಿ, ಸ್ಥಳೀಯರಿಗೆ ದೀಕ್ಷೆ ನೀಡತೊಡಗಿದನು.

ಕಾಸ್ತ್ರೊನಿಗಾದುದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ 1653ರಲ್ಲಿ ಆತನು ಪೋರ್ಚುಗೀಸರ ವಿರುದ್ಧ ಬರೆದ ಕೃತಿಯ ಹೆಸರು ‘ಬ್ರಾಹ್ಮಣರ ಕನ್ನಡಿ’. ಹುಟ್ಟಿನ ಹೆಸರಿನಲ್ಲಿ ಅವಮಾನಿತನಾದವನು ಹುಟ್ಟಿನ ಹೆಸರಿನಲ್ಲಿಯೇ ತನ್ನವರನ್ನು ಕರೆದನು. ಮುಂದೆ ಗೋವೆಯಲ್ಲಿ ದೇಶೀಯರೇ ಕಟ್ಟಿಕೊಂಡ ಓರಟೋರಿಯನ್ ಪಾದ್ರಿಗಳ ಸಂಘವೂ ಬ್ರಾಹ್ಮಣ ಮೂಲದವರಿಗೆ ಮಾತ್ರ ಬಾಗಿಲು ತೆರೆಯಿತು.

ಈ ಕಲಹದ ಭಾರವನ್ನು ಹೊತ್ತವರು ಸಾಮಾನ್ಯ ಭಕ್ತರು. ಕೆಳದಿ ಅರಸರ ಆಳ್ವಿಕೆಯಲ್ಲಿದ್ದ ಕೆನರಾ ಕರಾವಳಿಗೆ ರೋಮ್ ನೇಮಿಸಿದವನು ಕಾಸ್ತ್ರೊನ ಸಂಬಂಧಿಯೇ ಆದ ತೋಮಸ್ ದೆ ಕಾಸ್ತ್ರೊ. 1681ರಲ್ಲಿ ಗೋವೆ ಕಳುಹಿಸಿದವನು ಜೋಸೆಫ್ ವಾಜ್. ಇಬ್ಬರೂ ಗೋವೆಯ ಮಣ್ಣಿನಲ್ಲಿ ಹುಟ್ಟಿದವರು. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧುವೆಂದು ತಿಳಿಯದೆ ಜನ ಕಳವಳಗೊಂಡರು. ವಾಜ್ ಸಮಾಧಾನದ ದಾರಿಯನ್ನರಸಿ, 1684ರಲ್ಲಿ ಗೋವೆಗೆ ಮರಳಿದನು. 2015ರಲ್ಲಿ ಆತನನ್ನು ಸಂತನೆಂದು ಘೋಷಿಸಲಾಯಿತು.

1659ರಲ್ಲಿ ರೋಮ್ ಹೊರಡಿಸಿದ ಸೂಚನೆಯು ಜನರ ಆಚಾರಗಳನ್ನು ಕೆಡಿಸದೆ ಸ್ಥಳೀಯ ಪಾದ್ರಿಗಳನ್ನು ಬೆಳೆಸಬೇಕೆಂದಿತು. ಆದರೂ ಮಂಗಳೂರಿನಲ್ಲಿ ಸಂತ ಜೋಸೆಫರ ಸೆಮಿನರಿ ಆರಂಭವಾದುದು 1879ರಲ್ಲಿ. ಬರೆದ ವಿಧಿ ಕಟ್ಟಡವಾಗಲು ಇನ್ನೂರಿಪ್ಪತ್ತು ವರ್ಷ ಹಿಡಿಯಿತು.

ಹೊರಗಿನವರು ಮುಚ್ಚಿದ ಬಾಗಿಲನ್ನು ನಾವು ನಿಂದಿಸುವುದು ಸುಲಭ. ಅದು ತೆರೆದ ಮೇಲೆ ಹಿಂದೆ ಬರುವವನಿಗೂ ತೆರೆದೇ ಇರುವಂತೆ ನೋಡಿಕೊಳ್ಳುವುದು ಕಷ್ಟ. ಧರ್ಮಸಂಸ್ಥೆಗಳ ಹೊಣೆ ಹೊತ್ತವರ ನಿಜವಾದ ಪರೀಕ್ಷೆ ಇರುವುದು ಅಲ್ಲಿಯೇ.