ಘಟನೆಯ ನೆನಪು, ಭಾವದ ಉಳಿಕೆ: ಆಲ್‌ಝೈಮರ್ ರೋಗಿಗಳಲ್ಲಿ ಇವೆರಡರ ನಂಟು

ಮನಸ್ಸಿಗೆ ನಾಟಿದ್ದು ಮರೆಯುವುದಿಲ್ಲ ಎಂಬ ಮಾತು ಆಲ್‌ಝೈಮರ್ ರೋಗಿಗಳ ಮಟ್ಟಿಗೆ ಅರ್ಧ ಮಾತ್ರ ನಿಜ. 1995ರ ಜನವರಿ 17ರ ನಸುಕಿನಲ್ಲಿ ಜಪಾನಿನ ಕೋಬೆ ನಗರ ಭೂಕಂಪಕ್ಕೆ ತುತ್ತಾಯಿತು. ಆಗ ಮನೆಯಲ್ಲಿದ್ದ ರೋಗಿಗಳನ್ನು ವೈದ್ಯರು ಕೆಲವು ವಾರಗಳ ಮೇಲೆ ವಿಚಾರಿಸಿದಾಗ, ನೆಲ ನಡುಗಿದ್ದು ಬಹುಪಾಲು ಜನರಿಗೆ ನೆನಪಿತ್ತು; ಆಮೇಲೆ ಎಂಆರ್‌ಐ ಯಂತ್ರದೊಳಗೆ ಮಲಗಿ ಬಂದದ್ದು ಹೆಚ್ಚಿನವರಿಗೆ ಮರೆತೇಹೋಗಿತ್ತು. ಊರೆಲ್ಲ ಅದೇ ಮಾತಾಗಿದ್ದಾಗ ನೆನಪು ಉಳಿದದ್ದರಲ್ಲಿ ಏನು ವಿಶೇಷ ಎಂದು ಕೇಳಬಹುದು. ಆದರೆ ಕೇಳಿಕೇಳಿ ಉಳಿದಿದ್ದರೆ ಭೂಕಂಪದ ಸುತ್ತಲಿನ ವಿವರಗಳೂ ಉಳಿಯಬೇಕಿತ್ತು, ಅವು ಉಳಿದಿರಲಿಲ್ಲ. 1999ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ಈ ನೆನಪಿಗೂ ಮಿದುಳಿನ ಅಮಿಗ್ಡಲಾದ ಗಾತ್ರಕ್ಕೂ ಸಂಬಂಧವಿದೆಯೆಂದು ತೋರಿಸಿತು. ಭಯವನ್ನು ಗುರುತಿಸುವ ಈ ಭಾಗವನ್ನೂ ರೋಗ ಬೇಗನೆ ಸವೆಸುತ್ತದೆ. ಪ್ರಯೋಗಾಲಯದಲ್ಲಿ ಭಾವಪೂರ್ಣ ಚಿತ್ರ, ಪದಗಳನ್ನು ಬಳಸಿದ ಕೆಲವು ಪರೀಕ್ಷೆಗಳಲ್ಲಿ ರೋಗಿಗಳಿಗೆ ಯಾವ ಅನುಕೂಲವೂ ಕಾಣದಿರುವುದಕ್ಕೆ ಇದೊಂದು ಕಾರಣವಿರಬೇಕು. ಪರದೆಯ ಮೇಲಿನ ಚಿತ್ರ ಎಷ್ಟೇ ಘೋರವಾಗಿದ್ದರೂ ಮನೆಯೇ ಅಲುಗಿದ್ದಕ್ಕೆ ಸಮವಲ್ಲ ಎಂಬುದು ಇನ್ನೊಂದು. ಹಾಗಾಗಿ ಭಾವ ನೆನಪಿಗೆ ಆಸರೆಯಾಗುವುದುಂಟು, ಆದರೆ ಅದು ನೆಚ್ಚಿಕೊಳ್ಳುವಂಥ ಆಸರೆಯಲ್ಲ.

ಚರ್ಚೆ ಇಲ್ಲಿಗೇ ನಿಂತರೆ ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ನೆನಪನ್ನು ಭಾವ ಕಾಯುತ್ತದೆಯೇ ಎಂಬುದು ಒಂದು ಪ್ರಶ್ನೆ. ನೆನಪಿಲ್ಲದೆ ಭಾವ ಬದುಕಬಲ್ಲದೇ ಎಂಬುದು ಬೇರೆಯೇ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 17 ಆಲ್‌ಝೈಮರ್ ರೋಗಿಗಳಿಗೂ ಅಷ್ಟೇ ಮಂದಿ ಆರೋಗ್ಯವಂತರಿಗೂ ದುಃಖದ ಮತ್ತು ನಗೆಯ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ತುಸು ಹೊತ್ತಿಗೇ ರೋಗಿಗಳಿಗೆ ತಾವು ಕಂಡದ್ದು ಬಹುಮಟ್ಟಿಗೆ ಮರೆತಿತ್ತು. ಭಾವ ಮಾತ್ರ 30 ನಿಮಿಷಗಳವರೆಗೂ ಆರಲಿಲ್ಲ. ದುಃಖದ ತುಣುಕು ಕಡಿಮೆ ನೆನಪಿದ್ದವರಲ್ಲೇ ದುಃಖ ಹೆಚ್ಚು ಹೊತ್ತು ನಿಂತಿತು. ಕಾರಣ ತಿಳಿದವನು ಅದು ಬರಿಯ ಸಿನಿಮಾ ಎಂದು ಸಮಾಧಾನ ಮಾಡಿಕೊಳ್ಳಬಲ್ಲ; ಕಾರಣವೇ ಮರೆತವನಿಗೆ ಆ ದಾರಿಯಿಲ್ಲ ಎಂಬುದು ನನ್ನ ಊಹೆ. ರೋಗದ ಖಿನ್ನತೆಯನ್ನೇ ಇಲ್ಲಿ ಭಾವದ ಉಳಿಕೆ ಎಂದು ಎಣಿಸಲಾಗಿದೆ ಎಂಬ ಆಕ್ಷೇಪ ನಿಲ್ಲುವುದಿಲ್ಲ, ಏಕೆಂದರೆ ನಗೆಯ ತುಣುಕಿನ ನಂತರದ ಖುಷಿಯೂ ನೆನಪನ್ನು ಮೀರಿ ಉಳಿದಿತ್ತು. ಅರ್ಧ ಗಂಟೆಯ ಫಲಿತಾಂಶದಿಂದ ಇಡೀ ದಿನದ ಬಗ್ಗೆ ತೀರ್ಮಾನಿಸಲಾಗದು ಎಂಬ ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಆದರೂ ‘ಹೇಗಿದ್ದರೂ ಮರೆತುಬಿಡುತ್ತಾರೆ’ ಎಂದು ಗದರುವ ಆರೈಕೆದಾರರಿಗೆ ಆ ಅರ್ಧ ಗಂಟೆಯೇ ಸಾಕಷ್ಟು ಉತ್ತರ. ‘ಬೆಳಿಗ್ಗೆ ಯಾರು ಬಂದಿದ್ದರು?’ ಎಂದು ಕೇಳಿ ಆರೈಕೆಯ ಫಲವನ್ನು ಅಳೆಯಲು ಹೊರಟರೆ, ಉಳಿದದ್ದು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.